ಉಳಿದವನ ಗರ

ಮೊದಲ ನಕಲನ್ನು ಗೋಧಿಹಿಟ್ಟಿನ ಖಾಲಿ ಡಬ್ಬದ ರಟ್ಟಿನಲ್ಲಿ ಕತ್ತರಿಸಿದೆ.
ಆರು ಮೂಲೆಯ ನಲವತ್ತೆಂಟು ಬಿಲ್ಲೆ, ಒಂದೊಂದೂ ಒಂದು ಮನೆ.
ಮನೆ ಎಂದರೆ ಇಲ್ಲಿ ಕಲ್ಲು, ಕತ್ತಲೆ, ಮೊಣಕಾಲುದ್ದ ನೀರು.
ಕಾಯಿಗಳಿಗೆ ಅಮ್ಮನ ಕೋಟಿನ ಗುಂಡಿ ಮೂರು.
ದಾಳಕ್ಕೆ ದಾಳವೇ; ಅದನ್ನೂ ಕಂಡುಹಿಡಿಯುವ ಕಷ್ಟ ನನಗೇಕೆ.

ಕಿಟಕಿಯಾಚೆ ಬೆಟ್ಟ. ನೆತ್ತಿಯಲ್ಲಿ ಹಲ್ಲು ಮುರಿದ ಕೋಟೆ.
ಅದರ ಹೊಟ್ಟೆಯೊಳಗೆ ಸೆರೆಮಾಳಿಗೆ;
ಬೇಸಿಗೆಯಲ್ಲಿ ತಲೆಗೆ ಮೂರು ಯೂರೋ ಟಿಕೇಟು.
ಸ್ಲೊವಾಕಿಯಾದ ಈ ಸಣ್ಣೂರಲ್ಲಿ ಬೆಳ್ಳಿ ಎಂದೋ ಮುಗಿಯಿತು,
ಕಥೆ ಮುಗಿದಿಲ್ಲ:

ಬೆಳ್ಳಿ ಕದ್ದ ಮೂವರು ಗಣಿಯಾಳುಗಳನ್ನು ದೊರೆ ಕೆಳಗಿಳಿಸಿದನಂತೆ,
ಮೂವರಿಗೂ ಸೇರಿ ಒಂದೇ ಮೇಣದ ಬತ್ತಿ ಕೊಟ್ಟನಂತೆ.
ಬತ್ತಿ ಆರುವುದರೊಳಗೆ ಮೊದಲು ಹೊರಬಂದವನಿಗೆ ಜೀವ,
ಮಿಕ್ಕವರಿಗೆ ಬಾಗಿಲು.
ಒಬ್ಬ ಬಂದ. ಅವನ ಹೆಸರಲ್ಲಿ ಈಗ ಒಂದು ಬೇಕರಿ,
ಒಂದು ಬಿಯರಂಗಡಿ, ಬಸ್ ನಿಲ್ದಾಣದ ಪಕ್ಕ ಮೂಗು ಸವೆದ ಪ್ರತಿಮೆ.
ಊರಲ್ಲಿ ಯಾರನ್ನು ಕೇಳಿದರೂ ಅವನದೇ ವಂಶ.

ಆಟಕ್ಕೆ ಇನ್ನೇನು ಬೇಕು? ಓಟವಿದೆ, ಗಡುವಿದೆ, ಗೆಲ್ಲುವವನು ಒಬ್ಬ.
ಆದರೆ ಒಂಬತ್ತನೆಯ ನಕಲಿನವರೆಗೂ ಅದೇ ರೋಗ:
ಇಪ್ಪತ್ತನೆಯ ನಿಮಿಷಕ್ಕೆ ಯಾರೋ ಒಬ್ಬರು
ಕುಸಿದ ಸುರಂಗದಲ್ಲಿ ಸಿಕ್ಕಿಬೀಳುತ್ತಾರೆ,
ಆಮೇಲೆ ಅವರಿಗೆ ಕೆಲಸವಿಲ್ಲ.
ತ್ಸಿಪ್ರಿಯಾನ್ ಫೋನು ತೆಗೆಯುತ್ತಾನೆ.
ಅವನ ಮಗಳು, ಹನ್ನೆರಡರ ಝೆಲ್ಮೀರಾ, ಎದ್ದುಹೋಗಿ
ತಂಗಳು ಆಲೂಕಡುಬಿಗೆ ಕುರಿಹಾಲಿನ ಚೀಸು ಬೆರೆಸಿ ತಿನ್ನುತ್ತಾಳೆ.
ಸತ್ತವರನ್ನು ಮೇಜಿನ ಬಳಿ ಕೂರಿಸಿಕೊಳ್ಳುವುದು ಹೇಗೆ?
ನನ್ನ ಕಸುಬಿನ ಪ್ರಶ್ನೆ ಅದು. ಪಾದ್ರಿಯದೂ ಇದ್ದೀತು.

ಹಿಮ ಕರಗುವ ವಾರ, ಬೂಟಿನ ಕೆಸರಿನೊಂದಿಗೆ ಬಂದ ವೆಂಡೆಲೀನ್,
ಮೂವತ್ತೊಂದು ವರ್ಷ ಜನರಿಗೆ ಆ ಮಾಳಿಗೆ ತೋರಿಸಿದ ಮುದುಕ.
ಬಾಗಿಲು ಕಂಡಲ್ಲೆಲ್ಲ ಅವನ ತಲೆ ಈಗಲೂ ತಾನೇ ತಗ್ಗುತ್ತದೆ.
ಬಿಲ್ಲೆಗಳನ್ನು ಹೆಬ್ಬೆರಳಲ್ಲಿ ಸವರಿ ಹೇಳಿದ:
‘ನಾನು ಪ್ರತಿಮೆಯ ವಂಶದವನಲ್ಲ. ಉಳಿದವನ ಕಡೆಯವನು.’
ಬದುಕಿ ಉಳಿದವನೋ, ಅಲ್ಲೇ ಉಳಿದವನೋ?
‘ಕೊನೆಯ ತಿರುವಿನ ಕಿಂಡಿ ನೋಡಿದ್ದೀಯಲ್ಲ,
ನುಸುಳಲು ಎರಡು ಕೈಯೂ ಬೇಕು. ಬತ್ತಿ ಹಿಡಿದವರು ಯಾರು ಮತ್ತೆ?
ಟಿಕೇಟು ಕೊಂಡವರಿಗೆ ಇದನ್ನು ಹೇಳಬಾರದೆಂದು ಕಚೇರಿಯ ಅಪ್ಪಣೆ.
ಅಜ್ಜಿ ಹೇಳಿದ್ದು ನನಗೆ.
ಅವನ ಹೆಂಡತಿ ಆಗ ಬಸುರಿ, ಹಾಗಾಗಿ ನಾವಿದ್ದೇವೆ.’
ಮೂರನೆಯವ? ಎಂದೆ.
ಭುಜ ಹಾರಿಸಿದ. ಮೂರನೆಯವನಿಗೆ ಅಜ್ಜಿಯಿಲ್ಲ.

ಆ ರಾತ್ರಿ ಹತ್ತನೆಯ ನಕಲು. ಹೊಸ ನಿಯಮ ಒಂದೇ:
ಸಿಕ್ಕಿಬಿದ್ದವರ ಕೈಗೆ ಬತ್ತಿ.
ಅವರ ಗರ ಎಷ್ಟು ಬಿತ್ತೋ ಅಷ್ಟು ಮನೆಗೆ ಬೆಳಕು,
ಯಾವ ಮನೆಗೆ ಎಂಬುದು ಅವರ ಮರ್ಜಿ.
ಬೆಳಕಿಲ್ಲದ ಮನೆಗೆ ಯಾವ ಕಾಯಿಯೂ ಕಾಲಿಡುವಂತಿಲ್ಲ.

ಏನು ಗದ್ದಲ ಮೇಜಿನ ಸುತ್ತ!
ತ್ಸಿಪ್ರಿಯಾನ್ ಚಾಕೊಲೇಟು ಲಂಚ ಕೊಟ್ಟ,
ಅವನ ಹೆಂಡತಿ ಮದುವೆಗೆ ಮುಂಚಿನ ಸಾಲ ನೆನಪಿಸಿದಳು.
ಮರುದಿನದ ಆಟದಲ್ಲಿ ಝೆಲ್ಮೀರಾ
ಎರಡನೆಯ ಸುತ್ತಿಗೇ, ಬೇಕೆಂದೇ,
ಕುಸಿದ ಸುರಂಗಕ್ಕೆ ತನ್ನ ಗುಂಡಿ ತಳ್ಳಿದಳು.
‘ಸಿಕ್ಕಿಬಿದ್ದೆ. ಬತ್ತಿ ಕೊಡಿ.’
ಬತ್ತಿ ಹಿಡಿದವರು ಗೆಲ್ಲುವ ಹಾಗಿಲ್ಲ ಕಣೇ, ಎಂದೆ.
‘ಗೊತ್ತು’ ಎಂದಳು, ದಾಳ ಕುಲುಕುತ್ತ.

ಕೆಟ್ಟಿತು ಆಟ.
ಹನ್ನೊಂದನೆಯ ನಕಲಿನಲ್ಲಿ ದಂಡ ಹಾಕಿದೆ,
ಹನ್ನೆರಡರಲ್ಲಿ ಬತ್ತಿಯನ್ನೇ ಗಿಡ್ಡ ಮಾಡಿದೆ.
ಅವಳು ಮತ್ತೆ ಅಲ್ಲಿಗೇ ಹೋಗಿ ಕೂತಳು.
ಬೆಳಕು ಮಾತ್ರ ಇಬ್ಬರಿಗೂ ತೂಗಿಸಿ ಕೊಟ್ಟಳೇ? ಇಲ್ಲ.
ಅಪ್ಪನನ್ನು ಮೂರು ಸಲ ನೀರಲ್ಲಿ ನಿಲ್ಲಿಸಿ ನಕ್ಕಳು.
ಅವನೂ ಹಾಗೆ ನಕ್ಕಿದ್ದನೇನೋ, ಆ ತಿರುವಿನಲ್ಲಿ;
ಒಳ್ಳೆಯವನೇ ಆಗಿರಬೇಕೆಂದು ಯಾರು ಹೇಳಿದರು?

ಪ್ರಕಾಶಕರ ಪತ್ರ: ಪೈಪೋಟಿ ಇನ್ನಷ್ಟು ಚೂಪಾಗಲಿ,
ನಿಯಮಗಳು ನಾಲ್ಕು ಪುಟ ಮೀರದಿರಲಿ.
ನಾಲ್ಕನೆಯ ಪುಟದ ತಳದಲ್ಲಿ ಬರೆದಿದ್ದೇನೆ:
ಹೊರಬಿದ್ದ ಕಾಯಿ ಹಣ್ಣು.
ಬತ್ತಿಯ ಬಳಿಯದು ಕಾಯಿಯೇ. ಕಾಯುತ್ತದೆ.
ಅದರ ಅಂಕದ ಜಾಗ ಖಾಲಿ ಬಿಟ್ಟಿದ್ದೇನೆ, ಸದ್ಯಕ್ಕೆ.

ನಿನ್ನೆ ಎತ್ತಿಡುವಾಗ ಗುಂಡಿ ಎರಡೇ ಇದ್ದವು.
ಫ್ರಿಜ್ಜಿನ ಕೆಳಗೆ ಟಾರ್ಚು ಬಿಟ್ಟು ನೋಡಿದೆ.
ಸಿಕ್ಕಿಲ್ಲ ಇನ್ನೂ.